ಗೇಟಿನ ಪಕ್ಕದ ನೆಟ್ಟನೆ ಗಿಡ

ಗದಗ-ಬೆಟಗೇರಿಯ ಹೊಸ ಬಡಾವಣೆಗಳಲ್ಲಿ 30x40 ಸೈಟಿನ ಮೇಲೆ ಮನೆ ಎದ್ದ ಕೂಡಲೇ ಗೇಟಿನ ಎರಡೂ ಬದಿಗೆ ನೆಡುವ ಗಿಡ ಹೆಚ್ಚಾಗಿ ಒಂದೇ: ಕಂಬದ ಹಾಗೆ ಮೇಲೇರಿ ಎಲೆಗಳನ್ನು ಕೆಳಕ್ಕೆ ಇಳಿಬಿಡುವ ಅಶೋಕ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲೂ ಇದು ಪರಿಚಿತ ನೋಟ. ಮೊಬೈಲಿನಲ್ಲಿ ಕಂಡ ಕೆಂಪೆಲೆಯ ಜಪಾನಿ ಮೇಪಲ್, ಅದರಲ್ಲೂ ನೆಟ್ಟಗೆ ಬೆಳೆಯುವ ತಳಿ, ತಮ್ಮ ಅಂಗಳಕ್ಕೂ ಬರಲಿ ಎಂದು ಬಯಸುವವರೂ ಇದ್ದಾರೆ. ಎರಡರ ಹಿಂದಿನ ಲೆಕ್ಕ ಒಂದೇ. ಜಾಗ ಚಿಕ್ಕದು, ಗಿಡ ಅಗಲಕ್ಕೆ ಹರಡಬಾರದು, ನೋಡಲು ಚೆಂದ ಇರಬೇಕು. ಈ ಬೇಡಿಕೆಗಳಲ್ಲಿ ತಪ್ಪೇನಿಲ್ಲ. ಆದರೆ ಅಂಗಳದ ಗಿಡವನ್ನು ಆಕಾರ ನೋಡಿ ಆರಿಸುತ್ತೇವೆ. ಬೇಸಿಗೆಯಲ್ಲಿ ಅದರ ನೆರಳು ಎಲ್ಲಿ ಬೀಳುತ್ತದೆ ಎಂದು ಕೇಳುವುದೇ ಇಲ್ಲ. ನನ್ನ ತಕರಾರು ಇಷ್ಟೇ.

ಮೊದಲು ಮೇಪಲ್. ಜಪಾನ್, ಕೊರಿಯಾಗಳ ಕಾಡಿನಲ್ಲಿ ಎತ್ತರದ ಮರಗಳ ಆಸರೆಯಲ್ಲಿ ಬೆಳೆದ ಗಿಡ ಅದು. ತೇವದ ಗಾಳಿ, ನೀರು ಬಸಿದುಹೋಗುವ ತುಸು ಹುಳಿಗುಣದ ಮಣ್ಣು, ಎಲೆಯುದುರಿಸಿ ವಿಶ್ರಾಂತಿಗೆ ಹೋಗಲು ಕೊರೆಯುವ ಚಳಿ ಅದಕ್ಕೆ ಬೇಕು. ಗದುಗಿನ ಎರಿ ಮಣ್ಣು ಕ್ಷಾರಗುಣದ್ದು, ಸುಣ್ಣದ ಹರಳು ಬೆರೆತದ್ದು. ಮಳೆಗಾಲದಲ್ಲಿ ಉಬ್ಬಿ ನೀರು ಹಿಡಿದಿಡುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಮೇಪಲ್‌ನ ಬೇರುಗಳೋ ಮೇಲ್ಮಣ್ಣಿನಲ್ಲೇ ಹರಡುವ ಸಣ್ಣ ಎಳೆಗಳು. ನೆಲ ಬಿರಿದರೆ ಅವೂ ಹರಿಯುತ್ತವೆ. ಏಪ್ರಿಲ್‌ನ ಒಣಗಾಳಿಗೆ ಮೊದಲು ಎಲೆಯ ಅಂಚು ಕಂದುತ್ತದೆ, ಆಮೇಲೆ ಇಡೀ ಎಲೆ ಸುರುಟಿಕೊಳ್ಳುತ್ತದೆ. ಕುಂಡದಲ್ಲಿ ಮಸಾರಿ ಮಣ್ಣು, ಕೊಕೊಪೀಟ್ ತುಂಬಿ, ಮೇಲೆ ಹಸಿರು ಬಲೆ ಕಟ್ಟಿದರೆ ಆಗದೇ ಎಂದು ಕೇಳಬಹುದು. ಮಣ್ಣು ಬದಲಿಸಬಹುದು, ಬಿಸಿಲು ತಡೆಯಬಹುದು, ಚಳಿಗಾಲವನ್ನು ತರಲಾಗದು. ಇಲ್ಲಿಯ ಡಿಸೆಂಬರ್ ರಾತ್ರಿಗಳು ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತವೆ. ಅಷ್ಟು ಥಂಡಿಯಲ್ಲಿ ಸರಿಯಾದ ವಿಶ್ರಾಂತಿ ಸಿಗದೆ ಗಿಡ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ. ಆನ್‌ಲೈನ್‌ನಲ್ಲಿ ಬೀಜದ ಪೊಟ್ಟಣ ತರಿಸುವವರು ಇನ್ನೊಂದು ಮಾತು ತಿಳಿದಿರಬೇಕು: ಹೆಸರಾದ ತಳಿಗಳನ್ನು ಕಸಿ ಕಟ್ಟಿ ಬೆಳೆಸುತ್ತಾರೆ, ಬೀಜದಿಂದ ಹುಟ್ಟಿದ ಸಸಿ ತಾಯಿಯಂತೆಯೇ ಬರುವ ಖಾತ್ರಿಯಿಲ್ಲ. ನಳದ ನೀರಿಗಾಗಿ ದಿನ ಎಣಿಸುವ ಊರಿನಲ್ಲಿ ಈ ಪ್ರಯೋಗಕ್ಕೆ ನೀರು ಸುರಿಯುವುದನ್ನು ನಾನಂತೂ ಒಪ್ಪಲಾರೆ.

ಅಶೋಕದ ಮಾತು ಬೇರೆ. ಅದು ದಕ್ಷಿಣ ಭಾರತದ್ದೇ ಗಿಡ, ಇಲ್ಲಿ ಬದುಕುತ್ತದೆ, ವರ್ಷವಿಡೀ ಹಸಿರಾಗಿರುತ್ತದೆ, ಹಣ್ಣಿಗೆ ಕೋಗಿಲೆ ಬರುತ್ತದೆ. ಆದರೂ ಗೇಟಿನ ಪಕ್ಕ ಅದು ಮಾಡುವ ಕೆಲಸವೇನು? ಗದಗ ಇರುವುದು ಉತ್ತರ ಅಕ್ಷಾಂಶ 15 ಡಿಗ್ರಿಯ ಮೇಲೆ ಸ್ವಲ್ಪ. ಹಾಗಾಗಿ ಮೇ ತಿಂಗಳ ಮೊದಲ ವಾರ ನಡುಹಗಲಿನಲ್ಲಿ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ಕಂಬದಂಥ ಗಿಡದ ನೆರಳು ಆಗ ಅದರ ಬುಡದಲ್ಲೇ ಮುಗಿಯುತ್ತದೆ. ಅಂಗಳದಲ್ಲಿ ಒಂದು ಹೊರಸು ಹಾಕುವಷ್ಟು ನೆರಳೂ ಸಿಗದು. ಕಸ ಕಡಿಮೆ, ಧೂಳು ತಡೆಯುತ್ತದೆ, ಪಕ್ಕದ ಮನೆಯವರ ಜೊತೆ ಜಗಳವಿಲ್ಲ ಎಂದು ಅಶೋಕದ ಪರ ಹೇಳುವ ಮಾತು ನಿಜವೇ. ಅದರ ಪರವಾಗಿ ಇನ್ನೂ ಗಟ್ಟಿಯಾದ ವಾದವೊಂದಿದೆ, ಅದನ್ನು ಯಾರೂ ಹೇಳುವುದಿಲ್ಲ. ಸಂಜೆ ನಾಲ್ಕರ ಬಿಸಿಲು ಓರೆಯಾಗಿ ಬರುತ್ತದೆ. ಪಡುವಣ ಗೋಡೆಯ ಉದ್ದಕ್ಕೆ ಒತ್ತಾಗಿ ನೆಟ್ಟ ನೆಟ್ಟನೆ ಗಿಡಗಳ ಸಾಲು ಆ ಬಿಸಿಲನ್ನು ಗೋಡೆಗೆ ತಾಗದಂತೆ ತಡೆಯಬಲ್ಲದು. ರಾತ್ರಿ ಮಲಗುವ ಕೋಣೆ ಕಾವು ಕಾರುವುದು ಆ ಗೋಡೆಯಿಂದಲೇ. ಅದೇ ಗಿಡ ಗೇಟಿನ ಬಳಿ ಶೋಭೆ, ಪಡುವಣಕ್ಕೆ ಆಸರೆ. ಅಂದರೆ ನಾವು ಆರಿಸಿದ ಗಿಡಕ್ಕಿಂತ ನೆಟ್ಟ ಜಾಗದಲ್ಲಿ ದೊಡ್ಡ ದೋಷವಿದೆ.

ಇನ್ನು ಕೆಂಪೆಲೆಯ ಮೋಹ. ಅದನ್ನು ಹಗುರವಾಗಿ ಕಾಣಬೇಕಿಲ್ಲ, ಬಣ್ಣದ ಆಸೆ ದೊಡ್ಡ ಆಸೆಯೇ. ಯುಗಾದಿಯ ಹೊತ್ತಿಗೆ ಬೇವಿನ ಚಿಗುರನ್ನು ಹತ್ತಿರದಿಂದ ನೋಡಿ: ತುದಿಯ ಎಳೆಯೆಲೆ ತಾಮ್ರಗೆಂಪು, ಅದರ ಕೆಳಗಿನದು ಕಂದು ಬೆರೆತ ಹಸಿರು, ಇನ್ನೂ ಕೆಳಗೆ ಅಚ್ಚ ಹಸಿರು. ಅರಳಿ, ಬಸರಿ ಚಿಗುರುಗಳೂ ಹಾಗೆಯೇ ಕೆಂಪೇರುತ್ತವೆ. ಮೇಪಲ್ ಎಲೆಗೆ ಕೆಂಪು ಕೊಡುವ ಆಂಥೋಸಯನಿನ್ ಬಣ್ಣವೇ ಈ ಎಳೆಯೆಲೆಗಳಲ್ಲೂ ಇರುವುದು. ಬೇವು ಚಿಕ್ಕ ಸೈಟಿಗೆ ದೊಡ್ಡದಾಯಿತು, ಎರಿ ನೆಲದಲ್ಲಿ ಅಡಿಪಾಯದ ಹತ್ತಿರ ದೊಡ್ಡ ಮರ ಬೇಡ ಎನ್ನುವ ಆಕ್ಷೇಪಕ್ಕೆ ನನ್ನ ಒಪ್ಪಿಗೆಯಿದೆ. ಬೇವು, ಹೊಂಗೆಗಳ ಜಾಗ ಕಂಪೌಂಡಿನ ಹೊರಗೆ, ವಿದ್ಯುತ್ ತಂತಿ ಹಾಯದ ರಸ್ತೆಯ ಬದಿಯಲ್ಲಿ. ಒಳಗೆ ಒಂದೇ ಗಿಡಕ್ಕೆ ಜಾಗವಿದ್ದರೆ ಬಕುಳವಿರಲಿ. ನಿಧಾನ ಬೆಳೆಯುತ್ತದೆ, ಮೊದಲ ಎರಡು-ಮೂರು ಬೇಸಿಗೆ ನೀರು ಬೇಡುತ್ತದೆ, ಇದು ಅದರ ಕೊರತೆ. ಆಮೇಲೆ ವರ್ಷವಿಡೀ ದಟ್ಟ ಎಲೆ, ಒಣಗಿದರೂ ವಾಸನೆ ಬಿಡದ ಹೂವು. ಕತ್ತರಿಸಿ ಅಗಲವನ್ನು ಹದ್ದಿನಲ್ಲಿಡಬಹುದು. ಕಪ್ಪತಗುಡ್ಡವನ್ನು ಗಣಿಯಿಂದ ಉಳಿಸಲು ಬೀದಿಗಿಳಿದ ಜಿಲ್ಲೆ ಇದು. 2019ರಲ್ಲಿ ಆ ಗುಡ್ಡ ವನ್ಯಜೀವಿಧಾಮವಾಯಿತು. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯಲ್ಲೇ ಬಾಳುವ ಗಿಡಗಳ ಬೆಲೆ ಬಲ್ಲ ಜನ ತಮ್ಮ ಅಂಗಳದಲ್ಲಿ ಅದನ್ನು ಮರೆಯಬಾರದು. ಮಿರಗದ ಮಳೆಗೆ ಮುಂಚೆ ಒಂದು ಸಂಜೆ ಮನೆಯ ಗೋಡೆಗಳನ್ನು ಮುಟ್ಟಿ ನೋಡಿ, ಹೆಚ್ಚು ಕಾದ ಗೋಡೆಯ ಕಡೆ ಗುಂಡಿ ತೋಡಿ. ಸಸಿಗೆ ದೂರ ಹೋಗಬೇಕಿಲ್ಲ, ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಮಳೆಗಾಲಕ್ಕೆ ಕಡಿಮೆ ದರದಲ್ಲಿ ಸಿಗುತ್ತವೆ.