ಹೆಜ್ಜೆಗುರುತಿನ ಪ್ರಾಮಾಣ್ಯ: ಯಲ್ಲದಕೆರೆಯ ಸೀಮೆಯನ್ನು ಕುರಿತು ಒಂದು ವಿಮರ್ಶೆ

ಇತಿಹಾಸದ ವಿದ್ಯಾರ್ಥಿಗೆ ಆಕರಪರೀಕ್ಷೆಯೇ ಮೊದಲ ಪಾಠ. ಶಾಸನವಾಗಲಿ, ನಾಣ್ಯವಾಗಲಿ, ಕೈಫಿಯತ್ತಾಗಲಿ, ಅದು ಯಾವ ಪ್ರಶ್ನೆಗೆ ಉತ್ತರ ಕೊಡಬಲ್ಲುದು, ಯಾವುದಕ್ಕೆ ಕೊಡಲಾರದು ಎಂಬುದನ್ನು ಗೊತ್ತುಮಾಡಿಕೊಂಡ ಮೇಲೆಯೇ ಅದನ್ನು ಪ್ರಮಾಣವಾಗಿ ಬಳಸಬೇಕೆಂದು ನಾವು ತರಗತಿಗಳಲ್ಲಿ ಹೇಳುತ್ತ ಬಂದಿದ್ದೇವೆ. ಕಾಡುಮೃಗಗಳು ನೆಲದ ಮೇಲೆ ಬಿಟ್ಟುಹೋಗುವ ಹೆಜ್ಜೆ, ಲದ್ದಿ, ಕೆರೆತ, ಅರ್ಧ ತಿಂದ ಬೇಟೆ ಇವೂ ಒಂದು ಬಗೆಯ ಆಕರಗಳೇ. ಇವುಗಳನ್ನು ನಂಬಿ ಪುಸ್ತಕಗಳು ಹುಟ್ಟಿವೆ. ಸರ್ಕಾರದ ಗಣತಿಗಳು ನಡೆದಿವೆ. ಕುರಿ ಕಳೆದುಕೊಂಡವರ ಅರ್ಜಿಗಳು ಇತ್ಯರ್ಥವಾಗಿವೆ. ಈ ಆಕರಕ್ಕೆ ಇರುವ ಪ್ರಾಮಾಣ್ಯವೆಷ್ಟು ಎಂಬುದನ್ನು ಹಿರಿಯೂರು ತಾಲ್ಲೂಕಿನ ಯಲ್ಲದಕೆರೆಯ ಸೀಮೆಯನ್ನು ಎದುರಿಗಿಟ್ಟುಕೊಂಡು ವಿಮರ್ಶಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸೀಮೆಯ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬಹುದು. ಇದು ಮಳೆ ಕಡಮೆಯ, ಕುರುಚಲು ಗಿಡಗಳ, ಕಲ್ಲುಗುಡ್ಡಗಳ ನಾಡು. ೧೯೦೭ರಲ್ಲಿ ಮುಗಿದ ಮಾರಿಕಣಿವೆಯ ಕಟ್ಟೆ ವೇದಾವತಿಯ ನೀರನ್ನು ತಡೆದು ನಿಲ್ಲಿಸಿದ ಮೇಲೆಯೂ ಗುಡ್ಡದ ಮಗ್ಗುಲಿನ ಊರುಗಳ ಬಾಳು ಬಹುಮಟ್ಟಿಗೆ ಮಳೆಯನ್ನೂ ಕುರಿಮೇಕೆಗಳನ್ನೂ ನೆಚ್ಚಿದ್ದಾಗಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಗುಡ್ಡಸಾಲುಗಳಲ್ಲಿ ಚಿರತೆ, ಕರಡಿ, ಕಾಡುಹಂದಿ, ನರಿ, ಮುಳ್ಳುಹಂದಿ, ಮೊಲ ಮುಂತಾದುವು ವಾಸಿಸುತ್ತವೆ. ಹಟ್ಟಿಯ ರೊಪ್ಪಗಳಲ್ಲಿ ಕುರಿಗಳು ರಾತ್ರಿ ಕಳೆಯುವ ಇಂಥ ನಾಡಿನಲ್ಲಿ ಬೆಳಗ್ಗೆ ನೆಲದ ಮೇಲೆ ಕಂಡ ಗುರುತು ಯಾವ ಪ್ರಾಣಿಯದೆಂಬ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಸತ್ತ ಕುರಿಗೆ ಕಾರಣ ಕಾಡುಮೃಗವೆಂದು ತೀರ್ಮಾನವಾದರೆ ಕುರಿಯವನಿಗೆ ಸರ್ಕಾರದಿಂದ ಪರಿಹಾರ ದೊರೆಯಬಹುದು. ನಾಯಿಯೆಂದಾದರೆ ನಷ್ಟ ಅವನದೇ. ಚಿರತೆಯೆಂದಾದರೆ ಬೋನು ಬರುತ್ತದೆ, ಆ ಬೋನಿಗೆ ಬೀಳುವುದು ಕೃತ್ಯವೆಸಗಿದ ಚಿರತೆಯೇ ಎಂಬ ನಿಶ್ಚಯವೇನೂ ಇಲ್ಲ.

೧

ಮೊದಲು ಹೆಜ್ಜೆಯಿಂದ ನಿಸ್ಸಂದೇಹವಾಗಿ ತಿಳಿಯುವುದೇನೆಂಬುದನ್ನು ನೋಡೋಣ. ಬೆಕ್ಕಿನ ಕುಲಕ್ಕೂ ನಾಯಿಯ ಕುಲಕ್ಕೂ ಇರುವ ಭೇದ ಇವುಗಳಲ್ಲಿ ಮುಖ್ಯವಾದುದು. ಎರಡರಲ್ಲಿಯೂ ನಾಲ್ಕು ಬೆರಳುಗಳೇ ಮೂಡುತ್ತವೆ. ಚಿರತೆ ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಂಡಿರುವುದರಿಂದ ಉಗುರಿನ ಗುರುತು ಬೀಳದು. ಅಂಗಾಲಿನ ಹಿಂಬದಿಯ ಅಂಚು ಮೂರು ಭಾಗವಾಗಿರುತ್ತದೆ. ಬೆರಳುಗಳು ಸಮವಾಗಿ ಜೋಡಿಸಿದಂತಿರದೆ ಒಂದು ಮುಂದೆ ಒಂದು ಹಿಂದೆ ಇರುತ್ತವೆ. ನಾಯಿ, ನರಿ, ತೋಳಗಳ ಹೆಜ್ಜೆ ಅಗಲಕ್ಕಿಂತ ಉದ್ದವಾಗಿದ್ದು, ನಡುವಿನ ಎರಡು ಬೆರಳು ಮುಂದೆ ಚಾಚಿ, ಉಗುರಿನ ಮೊನೆಗಳು ಕಾಣುತ್ತವೆ. ಕತ್ತೆಕಿರುಬದಲ್ಲಿಯೂ ಉಗುರು ಮೂಡುವುದುಂಟು. ಆದರೆ ಅದರ ಮುಂಗಾಲಿನ ಗುರುತು ಹಿಂಗಾಲಿನದಕ್ಕಿಂತ ಎದ್ದುಕಾಣುವಷ್ಟು ದೊಡ್ಡದು, ಮೂಳೆಯನ್ನು ಅರಗಿಸಿಕೊಳ್ಳುವ ಪ್ರಾಣಿಯಾದ್ದರಿಂದ ಅದರ ಮಲ ಒಣಗಿದಾಗ ಸುಣ್ಣದಂತೆ ಬೆಳ್ಳಗಿರುತ್ತದೆ.

ಕರಡಿಯ ವಿಷಯದಲ್ಲಿ ತಪ್ಪುವುದಕ್ಕೆ ಅವಕಾಶ ಇನ್ನೂ ಕಡಮೆ. ಐದು ಬೆರಳುಗಳು ಬಹುತೇಕ ಒಂದೇ ಸಾಲಿನಲ್ಲಿರುತ್ತವೆ. ಮುಂಗಾಲಿನ ನೀಳವಾದ ಉಗುರುಗಳು ಬೆರಳಿನಿಂದ ದೂರದಲ್ಲಿ ನೆಲವನ್ನು ಮುಟ್ಟಿರುತ್ತವೆ. ಹಿಂಗಾಲಿನ ಗುರುತು ಮನುಷ್ಯನ ಬರಿಗಾಲನ್ನು ಹೋಲುತ್ತದೆ. ಅಗೆದ ಹುತ್ತ, ಬೋರೆ, ಕಕ್ಕೆ, ಈಚಲುಗಳ ಬೀಜ ತುಂಬಿದ ಲದ್ದಿ ಇವು ಅದಕ್ಕೆ ಪೂರಕವಾದ ಸಾಕ್ಷ್ಯಗಳು. ಹಂದಿಯ ಗೊರಸಿನ ಹಿಂದೆ ಎರಡು ಪಕ್ಕದಲ್ಲಿ ಮೇಲ್ಗೊರಸುಗಳ ಗುರುತು ಬೀಳುತ್ತದೆ. ಅದು ಮೂತಿಯಿಂದ ಉತ್ತ ನೆಲವೂ ಹತ್ತಿರದಲ್ಲಿಯೇ ಇರುತ್ತದೆ. ಓಡುವ ಮೊಲದ ಹಿಂಗಾಲುಗಳು ಮುಂಗಾಲುಗಳನ್ನು ದಾಟಿ ಮುಂದೆ ಬೀಳುತ್ತವೆ. ಕೊಂಡುಕುರಿಯ ಗೊರಸನ್ನು ಮೇಕೆಯ ಗೊರಸಿನಿಂದ ಬೇರ್ಪಡಿಸುವುದು ಕಷ್ಟ; ಆದರೆ ಅದು ಒಂದೇ ಸ್ಥಳಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುವ ಸ್ವಭಾವದ್ದಾದ್ದರಿಂದ ಆ ರಾಶಿಯೇ ಅದರ ಇರವನ್ನು ಸಾರುತ್ತದೆ. ೧೯೯೭ರವರೆಗೆ ಚಿತ್ರದುರ್ಗ ಜಿಲ್ಲೆಗೆ ಸೇರಿದ್ದ ಜಗಳೂರು ತಾಲ್ಲೂಕಿನಲ್ಲಿ ರಂಗಯ್ಯನದುರ್ಗದ ಕಾಡನ್ನು ೨೦೧೧ರಲ್ಲಿ ಈ ಪ್ರಾಣಿಗಾಗಿಯೇ ಅಭಯಾರಣ್ಯವೆಂದು ಘೋಷಿಸಲಾಯಿತೆಂಬುದನ್ನು ಇಲ್ಲಿ ಸ್ಮರಿಸಬಹುದು.

ಹೀಗೆ ಜಾತಿಯ ನಿರ್ಣಯದಲ್ಲಿ, ಅದರಲ್ಲಿಯೂ ಹೆಜ್ಜೆಯೊಂದಿಗೆ ಇತರ ಕುರುಹುಗಳೂ ಕೂಡಿಬಂದಲ್ಲಿ, ಈ ಆಕರ ನಂಬಿಕೆಗೆ ಯೋಗ್ಯವಾದುದು. ಕುರಿ ಕಾಯುವವರು ಈ ಶಾಸ್ತ್ರವನ್ನು ಪುಸ್ತಕವಿಲ್ಲದೆ ಬಲ್ಲರು. ಅವರ ತಿಳಿವಳಿಕೆಯನ್ನು ಹಳ್ಳಿಯವರ ಊಹೆಯೆಂದು ತಳ್ಳಿಹಾಕುವುದು ವಿದ್ವತ್ತಿನ ಲಕ್ಷಣವಲ್ಲ.

೨

ಓದು ಸರಿಯಾಗಿದ್ದರೂ ಹೆಸರಿನಲ್ಲಿ ತೊಡಕು ಬರುವುದುಂಟು. ನಮ್ಮ ಹಳ್ಳಿಗಳಲ್ಲಿ ಚಿರತೆಗೆ ಹುಲಿಯೆನ್ನುವವರಿದ್ದಾರೆ, ಕಿರುಬವೆನ್ನುವವರಿದ್ದಾರೆ, ಕುರ್ಕವೆನ್ನುವವರಿದ್ದಾರೆ. ಕಿರುಬವೆಂಬ ಮಾತು ಒಂದೆಡೆ ಚಿರತೆಗೂ ಮತ್ತೊಂದೆಡೆ ಕತ್ತೆಕಿರುಬಕ್ಕೂ ಸಲ್ಲುತ್ತದೆ. ಆದಕಾರಣ ಹಳೆಯ ದಾಖಲೆಯಲ್ಲಿ ‘ಹುಲಿ ಬಂದಿತ್ತು’ ಎಂದು ಕಂಡೊಡನೆ ಪಟ್ಟೆಹುಲಿಯಿತ್ತೆಂದು ಬರೆಯುವುದು ಅವಸರವಾಗುತ್ತದೆ. ವೀರಗಲ್ಲುಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಹುಲಿಯೊಡನೆ ಹೋರಾಡಿ ಮಡಿದವರ ಕಲ್ಲುಗಳು ಕನ್ನಡನಾಡಿನಲ್ಲಿವೆ. ಪಟ್ಟೆಯನ್ನು ಕೆತ್ತದ ಶಿಲ್ಪದಲ್ಲಿ ಅದು ಹುಲಿಯೋ ಚಿರತೆಯೋ ಎಂದು ಹೇಳುವಂತಿಲ್ಲ. ಇದಕ್ಕೆ ಪ್ರತಿಯಾಗಿ ಕ್ರಿ.ಶ. ೯೪೯–೫೦ರ ಆತಕೂರಿನ ಶಾಸನದಲ್ಲಿ ಕಾಳಿಯೆಂಬ ನಾಯಿಯೂ ಹಂದಿಯೂ ಹೋರಾಡಿ ಸತ್ತ ಸಂಗತಿ ಬರಹದಲ್ಲಿಯೂ ಶಿಲ್ಪದಲ್ಲಿಯೂ ಇರುವುದರಿಂದ ಪ್ರಾಣಿ ಯಾವುದೆಂಬ ಸಂಶಯಕ್ಕೆ ಎಡೆಯಿಲ್ಲ. ಎರಡು ಸ್ವತಂತ್ರ ಸಾಕ್ಷ್ಯಗಳು ಒಂದನ್ನೊಂದು ಬೆಂಬಲಿಸಿದಾಗ ನಿರ್ಣಯ ಗಟ್ಟಿಯಾಗುತ್ತದೆಂಬ ನಿಯಮ ಕಲ್ಲಿಗೂ ಕೆಸರಿಗೂ ಸಮಾನ.

೩

ಬೇಟೆಯ ಸಾಹಿತ್ಯದಲ್ಲಿ ಹೆಜ್ಜೆಯ ಓದು ಬಹಳ ಪ್ರಸಿದ್ಧವಾದ ಭಾಗ. ಬೆಂಗಳೂರಿನಲ್ಲಿ ನೆಲಸಿದ್ದ ಕೆನೆತ್ ಆಂಡರ್ಸನ್ನರು ೧೯೫೪ರಲ್ಲಿ ಪ್ರಕಟಿಸಿದ ಮೊದಲ ಪುಸ್ತಕದಲ್ಲಿ ಹೊಸದುರ್ಗ–ಹೊಳಲ್ಕೆರೆಯ ನರಭಕ್ಷಕನೆಂಬ ಹೆಸರಿನ ಅಧ್ಯಾಯವೊಂದಿದೆ; ನಮ್ಮ ಜಿಲ್ಲೆಯ ಎರಡು ತಾಲ್ಲೂಕುಗಳ ಹೆಸರು ಹೊರಗಿನ ವಾಚಕರಿಗೆ ಪರಿಚಯವಾದದ್ದು ಬಹುಶಃ ಇಂಥ ಬರವಣಿಗೆಯಿಂದಲೇ. ಕನ್ನಡದ ವಾಚಕರಿಗೆ ಆಂಡರ್ಸನ್ನರು ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಮಾಲೆಯ ಮೂಲಕ ಸುಪರಿಚಿತರು. ಈ ವರ್ಗದ ಕಥನಗಳಲ್ಲಿ ಬೇಟೆಗಾರನು ಧೂಳಿನ ಮೇಲಿನ ಗುರುತನ್ನು ನೋಡಿ ಮೃಗ ಗಂಡೋ ಹೆಣ್ಣೋ, ಎಳೆಯದೋ ಮುದಿಯೋ, ಯಾವ ಕಾಲು ಕುಂಟು ಎಂಬುದನ್ನೆಲ್ಲ ಹೇಳುತ್ತಾನೆ. ಕೊನೆಯಲ್ಲಿ ಸತ್ತುಬಿದ್ದ ಮೃಗ ಅದನ್ನು ಸಮರ್ಥಿಸುತ್ತದೆ.

ಈ ಕಥನಗಳ ಸೊಗಸನ್ನು ನಾವು ಅಲ್ಲಗಳೆಯುವುದಿಲ್ಲ. ಕಾಡಿನ ನಡೆನುಡಿಗಳ, ಸುಳಿವು ಹಿಡಿಯುವ ಸ್ಥಳೀಯರ ಕೌಶಲದ ಚಿತ್ರಣವಾಗಿ ಇವಕ್ಕೆ ಬೆಲೆಯುಂಟು. ಪ್ರಮಾಣವೆಂದು ಎತ್ತಿಕೊಂಡಾಗ ಮಾತ್ರ ಎರಡು ಆಕ್ಷೇಪಗಳನ್ನು ಎದುರಿಸಬೇಕಾಗುತ್ತದೆ. ಒಂದು, ಬರೆಯುವವನಿಗೆ ಕಥೆಯ ಕೊನೆ ಮೊದಲೇ ಗೊತ್ತು. ಗುಂಡಿಗೆ ಬಿದ್ದದ್ದು ಗಂಡೆಂದು ತಿಳಿದ ಮೇಲೆ ಬರೆದ ಪುಟದಲ್ಲಿ ಹೆಜ್ಜೆಯೂ ಗಂಡಿನದೆಂದು ಕಂಡದ್ದರಲ್ಲಿ ಆಶ್ಚರ್ಯವೇನು? ಎರಡು, ತಪ್ಪಿದ ಓದುಗಳು ಕಥೆಯಾಗುವುದು ಅಪರೂಪ. ಹತ್ತು ಬಾರಿ ತಪ್ಪಿ ಒಮ್ಮೆ ಸರಿಯಾದುದನ್ನು ಒಮ್ಮೆಯದರಿಂದಲೇ ಅಳೆಯಲಾಗದು. ಗಂಡುಹುಲಿಯ ಹೆಜ್ಜೆ ದುಂಡಗೂ ಹೆಣ್ಣಿನದು ಸ್ವಲ್ಪ ನೀಳವಾಗಿಯೂ ಇರುವುದೆಂಬ ಮಾತಿನಲ್ಲಿ ಸಾಮಾನ್ಯ ಸತ್ಯವಿದ್ದರೂ, ಅದೇ ಕಾಲು ಗಟ್ಟಿ ನೆಲದಲ್ಲಿ ಒಂದು ಬಗೆಯಾಗಿ, ಕೆಸರಿನಲ್ಲಿ ಬೆರಳು ಅಗಲಿಸಿ ಮತ್ತೊಂದು ಬಗೆಯಾಗಿ ಮೂಡುತ್ತದೆ. ಇಳಿಜಾರಿನಲ್ಲಿ ಜಾರುವ ಚಿರತೆಯ ಉಗುರೂ ನೆಲಕ್ಕೆ ತಾಗಬಹುದು.

ಕೃತ್ಯದ ನಿರ್ಣಯದಲ್ಲಿ ಇನ್ನೊಂದು ಅಪಾಯವಿದೆ. ಸತ್ತ ಕುರಿಯ ಸುತ್ತ ಕತ್ತೆಕಿರುಬದ ಹೆಜ್ಜೆಯಿದೆಯೆಂದ ಮಾತ್ರಕ್ಕೆ ಕೊಂದದ್ದು ಅದೇ ಎಂದು ಹೇಳಲಾಗದು. ಇತರರು ಕೊಂದದ್ದನ್ನು ತಿನ್ನಲು ಬರುವುದು ಅದರ ರೂಢಿ. ಹಟ್ಟಿಯ ನಾಯಿಗಳೂ ಬೆಳಗಾಗುವುದರೊಳಗೆ ಬಂದು ಹೋಗಿರುತ್ತವೆ. ಇಂಥಲ್ಲಿ ಕಳೇಬರವನ್ನೇ ಓದಬೇಕು. ಗಂಟಲಿನಲ್ಲಿ ಕೋರೆಹಲ್ಲಿನ ಆಳವಾದ ತೂತುಗಳಿದ್ದು, ದೇಹವನ್ನು ಪೊದೆಯ ಕಡೆಗೆ ಎಳೆದ ಜಾಡಿದ್ದರೆ ಚಿರತೆಯ ಕಡೆಗೆ ಬೆರಳು ತೋರುತ್ತದೆ. ತೊಡೆ, ಹಿಂಗಾಲುಗಳಲ್ಲಿ ಹಲವು ಹರಿದ ಗಾಯಗಳಿದ್ದು ಒಂದಕ್ಕಿಂತ ಹೆಚ್ಚು ಕುರಿಗಳು ಕಚ್ಚಿಸಿಕೊಂಡಿದ್ದರೆ ನಾಯಿಗಳ ಮೇಲೆ ಸಂಶಯ ಬರುತ್ತದೆ. ಸ್ಥಳದಲ್ಲಿ ಇದ್ದದ್ದು ಬೇರೆ, ಕೃತ್ಯವೆಸಗಿದ್ದು ಬೇರೆ ಎಂಬ ಈ ವಿವೇಕ ಇಲ್ಲದೆ ಬರೆದ ಮಹಜರು ಕುರಿಯವನಿಗೂ ಮೃಗಕ್ಕೂ ಅನ್ಯಾಯ ಮಾಡುತ್ತದೆ.

೪

ಹೆಜ್ಜೆಯ ಮೇಲೆ ಅದು ಹೊರಲಾರದಷ್ಟು ಭಾರವನ್ನು ಹೊರಿಸಿದ ಪ್ರಸಂಗ ಭಾರತದ ಹುಲಿಗಣತಿಯದು. ಒರಿಸ್ಸದ ಅರಣ್ಯಾಧಿಕಾರಿ ಸರೋಜ್‌ರಾಜ್ ಚೌಧುರಿಯವರು ೧೯೬೦ರ ದಶಕದಲ್ಲಿ ಒಂದು ಕ್ರಮವನ್ನು ರೂಪಿಸಿದರು. ಹೆಜ್ಜೆಯ ಮೇಲೆ ಗಾಜನ್ನಿಟ್ಟು ಅದರ ರೇಖೆಯನ್ನು ನಕಲು ತೆಗೆದು, ಆಕಾರ ಅಳತೆಗಳನ್ನು ಹೋಲಿಸಿ, ಒಂದೊಂದು ಹುಲಿಯನ್ನೂ ಬೇರೆಬೇರೆಯಾಗಿ ಗುರುತಿಸಬಹುದೆಂಬುದು ಅದರ ತಾತ್ಪರ್ಯ. ೧೯೭೨ರ ಗಣತಿ ಈ ಬಗೆಯಲ್ಲಿ ೧,೮೨೭ ಹುಲಿಗಳೆಂದಿತು. ಸುಮಾರು ಮೂರು ದಶಕಗಳ ಕಾಲ ಇದೇ ಪದ್ಧತಿ ಸರ್ಕಾರದ ಆಧಾರವಾಗಿತ್ತು. ಇದರ ದೋಷವನ್ನು ೧೯೮೦ರ ದಶಕದಿಂದ ಎತ್ತಿತೋರಿಸಿದವರಲ್ಲಿ ಕರ್ನಾಟಕದವರೇ ಆದ ಕೆ. ಉಲ್ಲಾಸ ಕಾರಂತರು ಪ್ರಮುಖರು. ಅವರು ಪಂಜರದಲ್ಲಿದ್ದ ನಾಲ್ಕು ಹುಲಿಗಳ ಹೆಜ್ಜೆಯ ನಕಲುಗಳನ್ನು ಅನುಭವಿಗಳ ಮುಂದಿಟ್ಟಾಗ, ಅವರು ನಾಲ್ಕಕ್ಕಿಂತ ಹೆಚ್ಚು ಹುಲಿಗಳನ್ನು ಅವುಗಳಲ್ಲಿ ಕಂಡರು. ರಾಜಸ್ಥಾನದ ಸರಿಸ್ಕಾದಲ್ಲಿ ಹುಲಿಗಳಿವೆಯೆಂದು ಗಣತಿಗಳು ಹೇಳುತ್ತಿದ್ದರೂ ೨೦೦೪–೦೫ರಲ್ಲಿ ಒಂದೂ ಉಳಿದಿಲ್ಲವೆಂದು ಬಯಲಾಯಿತು.

ಇಲ್ಲಿ ಇತಿಹಾಸಕಾರನು ಗಮನಿಸಬೇಕಾದ ಅಂಶವೊಂದುಂಟು. ಬ್ರಿಟಿಷರ ಕಾಲದಲ್ಲಿ ಹುಲಿ ಚಿರತೆಗಳನ್ನು ಕೊಂದವರಿಗೆ ಇನಾಮು ಕೊಡುವಾಗ ಸರ್ಕಾರ ಚರ್ಮವನ್ನೋ ತಲೆಯನ್ನೋ ಕಣ್ಣೆದುರಿಗೆ ತರಿಸಿಕೊಳ್ಳುತ್ತಿತ್ತು. ಕೊಲ್ಲುವುದಕ್ಕೆ ಅಷ್ಟು ಕಟ್ಟುನಿಟ್ಟಾದ ಪ್ರಮಾಣವನ್ನು ಕೇಳಿದ ಆಡಳಿತ, ಉಳಿಸುವ ಕಾಲ ಬಂದಾಗ ಗಾಜಿನ ಮೇಲಿನ ಗೆರೆಯೊಂದರಿಂದ ತೃಪ್ತಿಪಟ್ಟಿತು. ೨೦೦೧–೦೨ರ ಹೆಜ್ಜೆಗಣತಿ ೩,೬೪೨ ಎಂದಿದ್ದರೆ, ೨೦೦೬ರಲ್ಲಿ ಹೊಸ ಕ್ರಮದಿಂದ ಮಾಡಿದ ಅಂದಾಜು ೧,೪೧೧ ಎಂದಿತು. ಈ ಎರಡು ಸಂಖ್ಯೆಗಳನ್ನು ಕಳೆದು ಇಷ್ಟು ಹುಲಿಗಳು ಸತ್ತವೆಂದು ಬರೆಯುವವರನ್ನು ಕಾಣುತ್ತೇವೆ. ಅದು ತಪ್ಪು. ಬೇರೆಬೇರೆ ಅಳತೆಗೋಲಿನಿಂದ ಬಂದ ಅಂಕಿಗಳನ್ನು ಕಳೆಯುವುದು, ಬೇರೆಬೇರೆ ಕೊಳಗದಿಂದ ಅಳೆದ ಎರಡು ಕಾಲದ ಕಂದಾಯವನ್ನು ಹೋಲಿಸಿದಂತೆ.

ಹೊಸ ಕ್ರಮದಲ್ಲಿ ಹೆಜ್ಜೆಗೆ ಸ್ಥಾನವಿಲ್ಲವೆಂದು ಭಾವಿಸಬಾರದು. ಕಾಡಿನ ಯಾವ ಭಾಗದಲ್ಲಿ ಹುಲಿ ಇದೆಯೆಂಬುದನ್ನು ಗೊತ್ತುಮಾಡಲು ಸಿಬ್ಬಂದಿ ಕಾಲುದಾರಿಗಳಲ್ಲಿ ನಡೆದು ಹೆಜ್ಜೆ ಲದ್ದಿಗಳನ್ನು ದಾಖಲಿಸುತ್ತಾರೆ; ಎಷ್ಟಿವೆಯೆಂಬುದಕ್ಕೆ ಸ್ವಯಂಚಾಲಿತ ಕ್ಯಾಮರಾದಲ್ಲಿ ಮೂಡಿದ ಮೈಪಟ್ಟೆಗಳನ್ನು ಹೋಲಿಸುತ್ತಾರೆ. ಪಟ್ಟೆಯ ವಿನ್ಯಾಸ ಒಂದು ಹುಲಿಯಂತೆ ಮತ್ತೊಂದಕ್ಕಿಲ್ಲ. ಚಿರತೆಯ ಚುಕ್ಕೆಗಳೂ ಹಾಗೆಯೇ. ಮೈಯೆಲ್ಲ ಕಪ್ಪಾದ ಕರಡಿಗೆ ಈ ಉಪಾಯ ಅಷ್ಟು ಸುಲಭವಾಗಿ ಒದಗದು.

೫

ಶಾಸನಶಾಸ್ತ್ರದ ಹೋಲಿಕೆಯಿಂದ ನಮ್ಮ ಅಭಿಪ್ರಾಯ ಸ್ಪಷ್ಟವಾದೀತು. ಲಿಪಿಯ ರೂಪ ಶಾಸನದ ಕಾಲವನ್ನು ಸುಮಾರಾಗಿ ಹೇಳುತ್ತದೆ. ಬರೆಸಿದವನ ಹೆಸರನ್ನು ಹೇಳದು. ಅದಕ್ಕೆ ಒಳಗಿನ ಪಾಠ ಬೇಕು. ಹಾಗೆಯೇ ಹೆಜ್ಜೆಯ ರೂಪ ಜಾತಿಯನ್ನು ಹೇಳುತ್ತದೆ. ಇಂಥದೇ ಪ್ರಾಣಿಯೆಂಬುದನ್ನೂ, ಅದು ಮಾಡಿದ ಕೃತ್ಯವನ್ನೂ, ಒಟ್ಟು ಸಂಖ್ಯೆಯನ್ನೂ ತಾನೊಂದೇ ಹೇಳಲಾರದು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯ ಮಯೂರಶರ್ಮನ ಶಾಸನವನ್ನು ಡಾ. ಎಂ. ಎಚ್. ಕೃಷ್ಣ ಅವರು ಓದಿ ಪ್ರಕಟಿಸಿದ ಮೇಲೆ ಅದರ ಕೆಲವು ಭಾಗಗಳನ್ನು ನಂತರದ ವಿದ್ವಾಂಸರು ಬೇರೆಯಾಗಿ ಓದಿದರು. ಇದು ಸಾಧ್ಯವಾದದ್ದು ಬಂಡೆ ಅಲ್ಲಿಯೇ ಇದ್ದುದರಿಂದ. ಹೆಜ್ಜೆಯಾದರೋ ಮೊದಲ ಗಾಳಿಗೆ, ಮೊದಲ ಕುರಿಮಂದೆಗೆ ಅಳಿಸಿಹೋಗುತ್ತದೆ. ಓದಿದವನ ಮಾತು ಉಳಿಯುತ್ತದೆ, ಓದಿದ ಆಕರ ಉಳಿಯದು.

ಹೀಗಿರುವಲ್ಲಿ ಶಾಸನಕ್ಕೆ ಅಚ್ಚು ತೆಗೆಯುವಂತೆ ಹೆಜ್ಜೆಗೂ ಅಚ್ಚು ತೆಗೆಯಬೇಕು: ಪಕ್ಕದಲ್ಲಿ ಅಳತೆಪಟ್ಟಿಯನ್ನಿಟ್ಟು ಛಾಯಾಚಿತ್ರ, ಸಾಧ್ಯವಾದಲ್ಲಿ ಸುಣ್ಣಗಾರೆಯ ಎರಕ, ಒಂದೇ ಹೆಜ್ಜೆಯ ಬದಲು ಸಾಲಾಗಿ ಹಲವು ಹೆಜ್ಜೆಗಳ ಉದ್ದ ಅಗಲ, ನೆಲದ ಬಗೆ, ತಾರೀಖು, ಸ್ಥಳೀಯರು ಹೇಳಿದ ಹೆಸರು ಅವರ ಮಾತಿನಲ್ಲಿಯೇ. ಹೆಸರಿನಲ್ಲಿಯೇ ಕೆರೆಯನ್ನು ಹೊತ್ತ ಯಲ್ಲದಕೆರೆಯಂಥ ಊರುಗಳ ಕೆರೆಯಂಗಳದಲ್ಲಿ ಮಳೆಗಾಲ ಕಳೆದು ನೀರು ಹಿಂದೆ ಸರಿಯುವಾಗ ಉಳಿಯುವ ಹಸಿಮಣ್ಣು ಇದಕ್ಕೆ ತಕ್ಕ ಸ್ಥಳ. ಈ ಜಿಲ್ಲೆಯ ಕಾಲೇಜುಗಳ ಇತಿಹಾಸ, ಪ್ರಾಣಿಶಾಸ್ತ್ರ ವಿಭಾಗಗಳು ಕೂಡಿ ಒಂದೆರಡು ಕೆರೆಗಳನ್ನು ಆರಿಸಿಕೊಂಡು ವರ್ಷಕ್ಕೊಂದು ದಾಖಲೆ ಪುಸ್ತಕವನ್ನಿಟ್ಟರೆ, ಮುಂದೆ ಬೇರೊಬ್ಬರು ಅದನ್ನು ಮತ್ತೆ ಓದಿ ನಮ್ಮ ಓದನ್ನು ತಿದ್ದುವುದಕ್ಕೆ ಅವಕಾಶವಾಗುತ್ತದೆ. ರೊಪ್ಪದ ಬಾಗಿಲಲ್ಲಿ ಸತ್ತ ಕುರಿಯ ಮುಂದೆ ನಿಂತ ಅಧಿಕಾರಿಗೂ, ನ್ಯಾಯ ಕೇಳುವ ಕುರಿಯವನಿಗೂ ಅಂಥ ದಾಖಲೆ ಒಂದು ಆಧಾರವಾದೀತು.