ರೂಪಾಯಿ ಯಾರ ಮರ್ಜಿ? — ಅಂಬೇಡ್ಕರರ ಪುಸ್ತಕ, ಕೂಟಗಲ್‌ನ ಸಾಲ

ಬಾಬಾಸಾಹೇಬರ ಪಟಕ್ಕೆ ಹಾರ ಹಾಕುವ ಸಭೆಗಳಲ್ಲಿ ಈಚೀಚೆಗೆ ಒಂದು ಮಾತು ತಪ್ಪದೆ ಬರುತ್ತದೆ. ರಿಸರ್ವ್ ಬ್ಯಾಂಕು ಹುಟ್ಟಿದ್ದೇ ಅವರ ಪುಸ್ತಕದಿಂದ ಅಂತ. ಕೇಳಲಿಕ್ಕೆ ಹಿತ. ಚಪ್ಪಾಳೆಯೂ ಬೀಳುತ್ತೆ. ಆದರೆ 1923ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಆ ‘ದಿ ಪ್ರಾಬ್ಲೆಮ್ ಆಫ್ ದಿ ರುಪೀ’ಯನ್ನು ಬಿಚ್ಚಿ ನೋಡಿದರೆ ಅಲ್ಲಿರುವುದು ಬ್ಯಾಂಕಿನ ಭಜನೆಯಲ್ಲ. ನಾಣ್ಯ ಹೊರಡಿಸುವವನ ಕೈಯನ್ನು ಕಟ್ಟಿಹಾಕಿ ಎಂಬ ವಾದ ಅದು.

ಆ ಕಾಲಕ್ಕೆ ದೊಡ್ಡ ಅರ್ಥಶಾಸ್ತ್ರಜ್ಞನಾಗಿದ್ದ ಕೇನ್ಸ್, ಬ್ರಿಟಿಷ್ ಸರ್ಕಾರ ರೂಪಾಯಿಯನ್ನು ತನ್ನ ವಿವೇಚನೆಯಂತೆ ನಡೆಸುವ ಪದ್ಧತಿಯನ್ನು ಹೊಗಳಿದ್ದ. ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಹೊರಡಿಸುವವನ ಮರ್ಜಿಗೆ ಬಿಟ್ಟರೆ ಹೆಚ್ಚು ಹೊರಡಿಸಿಯೇ ಹೊರಡಿಸುತ್ತಾನೆ, ಬೆಲೆ ಏರುತ್ತೆ, ಕೂಲಿ ಏರೋದಿಲ್ಲ. ರಫ್ತು ವ್ಯಾಪಾರಿಯ ಲಾಭ ಅಂದರೆ ಕೂಲಿಯವನ ಹೊಟ್ಟೆಯಿಂದ ಕಿತ್ತದ್ದು. ಈ ಲೆಕ್ಕ ಅರ್ಥವಾಗಲಿಕ್ಕೆ ಲಂಡನ್ನಿನ ಪದವಿ ಬೇಡ. ರಾಮನಗರ ತಾಲ್ಲೂಕು ಕೂಟಗಲ್ ಹೋಬಳಿಯಲ್ಲಿ ಹಿಪ್ಪುನೇರಳೆ ಸೊಪ್ಪು ಕುಯ್ಯುವ ಹೆಣ್ಣಾಳನ್ನು ಕೇಳಿ, ಬೇಳೆ ರೇಟು ಏರಿದ ದಿನವೇ ಕೂಲಿಯೂ ಏರಿತೇನವ್ವಾ ಅಂತ.

1925ರಲ್ಲಿ ಹಿಲ್ಟನ್ ಯಂಗ್ ಆಯೋಗದ ಮುಂದೆಯೂ ಅವರು ಇದನ್ನೇ ಇಟ್ಟರು: ರೂಪಾಯಿ ಟಂಕಿಸುವುದು ನಿಲ್ಲಲಿ, ಚಿನ್ನದ ನಾಣ್ಯ ಬರಲಿ, ಸರ್ಕಾರಕ್ಕೂ ಮಿತಿ ಇರಲಿ. ಆಯೋಗ ಕೇಂದ್ರ ಬ್ಯಾಂಕು ಬೇಕು ಅಂದಿತು. 1935ರ ಏಪ್ರಿಲ್ 1ರಂದು ಅದು ಶುರುವೂ ಆಯಿತು. ಹಾಗಾದರೆ ಅವರ ಹೆಸರು ಹೇಳಿ ಬ್ಯಾಂಕನ್ನು ಹೊಗಳುವುದು ಯಾಕೆ? 2016ರ ನವೆಂಬರ್ 8ರ ರಾತ್ರಿ ಚಲಾವಣೆಯಲ್ಲಿದ್ದ ದುಡ್ಡಿನ ನೂರಕ್ಕೆ 86 ಭಾಗವನ್ನು ಒಂದೇ ಭಾಷಣದಲ್ಲಿ ಕಾಗದ ಮಾಡಿದವರು, ಡಿಸೆಂಬರಿನಲ್ಲಿ ಮೊಬೈಲ್ ಪಾವತಿಗೆ ‘ಭೀಮ್’ ಅಂತ ಹೆಸರಿಟ್ಟರು. ಮರ್ಜಿಯ ಆಳ್ವಿಕೆಯನ್ನು ಬಯ್ದವನ ಹೆಸರೇ ಮರ್ಜಿಯ ಆಳ್ವಿಕೆಗೆ! ಆ ನೋಟುಗಳಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಭಾಗ ವಾಪಸು ಬಂತು ಅಂತ ರಿಸರ್ವ್ ಬ್ಯಾಂಕೇ ಆಮೇಲೆ ಹೇಳಿತು. ಸಾಲಿನಲ್ಲಿ ನಿಂತು ಕಳಕೊಂಡ ಕೂಲಿ ಮಾತ್ರ ಬರಲಿಲ್ಲ.

ಆದರೆ ಪುಸ್ತಕವನ್ನು ನಾವು ಪೂಜೆ ಮಾಡಬೇಕಿಲ್ಲ. ಚಿನ್ನದ ನಾಣ್ಯ ಎಂಬ ಅವರ ಮದ್ದು ನಮ್ಮ ಕೇರಿಗೆ ಒಗ್ಗುವುದಿಲ್ಲ. ನಮ್ಮೋರ ಚಿನ್ನ ಇರೋದು ಗಿರವಿ ಅಂಗಡಿಯಲ್ಲಿ. ಬಿಗಿ ದುಡ್ಡಿನ ಕಾಲದಲ್ಲಿ ಸಾಲ ಹುಟ್ಟುತ್ತಿದ್ದುದು ಗೌಡನ ಜಗಲಿಯಲ್ಲಿ. ಬಡ್ಡಿ ಅಂದರೆ ಮಗನ ಜೀತ. 1969ರಲ್ಲಿ 14 ಬ್ಯಾಂಕುಗಳನ್ನು ರಾಷ್ಟ್ರೀಕರಣ ಮಾಡಿದಾಗ, 1976ರಲ್ಲಿ ಅರಸು ಸರ್ಕಾರ ಋಣಪರಿಹಾರ ಕಾಯಿದೆ ತಂದಾಗ, ಜನಾರ್ದನ ಪೂಜಾರಿಯವರು ಸಾಲಮೇಳ ನಡೆಸಿದಾಗ ‘ಸರ್ಕಾರದ ಅತಿರೇಕ’ ಅಂತ ಕೂಗಿದವರು ಯಾರು? ತಮ್ಮ ಮಗನ ಕಾರ್ಖಾನೆಗೆ ಅದೇ ಬ್ಯಾಂಕಿನಿಂದ ಸಾಲ ತಂದವರೇ. ಮೇಳದ ಎಮ್ಮೆ ಎಷ್ಟೋ ಕಡೆ ಕಾಗದದಲ್ಲೇ ಹಾಲು ಕೊಟ್ಟಿತು, ದಲ್ಲಾಳಿ ಕರೆದುಕೊಂಡ, ಅದೂ ಸುಳ್ಳಲ್ಲ. ಆದರೂ ಅವರ ಅಪನಂಬಿಕೆಯೇ ಬೇರೆ, ನಮ್ಮದೇ ಬೇರೆ. ಅವರಿಗೆ ಬಡವನ ಕೈಗೆ ದುಡ್ಡು ಹೋಯಿತಲ್ಲ ಎಂಬ ಸಂಕಟ. ನಮಗೆ, ಆ ದುಡ್ಡಿನ ಹಗ್ಗ ಯಾರ ಕೈಯಲ್ಲಿದೆ ಎಂಬ ಅನುಮಾನ.

ಆ ಹಗ್ಗ ಈಗ ಕಿರುಸಾಲದ ಕಂಪನಿಗಳ ಕೈಯಲ್ಲಿದೆ. ಬ್ಯಾಂಕು ಕಂಪನಿಗೆ ಕೊಡುತ್ತೆ, ಕಂಪನಿ ಬಡ್ಡಿ ಏರಿಸಿ ಹೆಂಗಸರ ಗುಂಪಿಗೆ ಕೊಡುತ್ತೆ. ಅಡಮಾನ ಏನೂ ಬೇಡ ಅಂತಾರೆ. ಮಾನವೇ ಅಡಮಾನ. ಒಬ್ಬಳು ಕಂತು ತಪ್ಪಿಸಿದರೆ ಉಳಿದವರು ಕಟ್ಟಬೇಕು; ಅಕ್ಕಪಕ್ಕದವರೇ ಅಮೀನರಾಗುತ್ತಾರೆ. ಒಂದು ಕಂಪನಿಯ ಕಂತಿಗೆ ಇನ್ನೊಂದು ಕಂಪನಿಯ ಸಾಲ. 2009ರಲ್ಲಿ ಕೋಲಾರ, ಶಿಡ್ಲಘಟ್ಟ, ರಾಮನಗರ, ಮೈಸೂರುಗಳಲ್ಲಿ ಮರುಪಾವತಿ ನಿಂತೇಹೋಯಿತು. ಬಹುಪಾಲು ರೇಷ್ಮೆ ಸೀಮೆ. ಎದ್ದವರಲ್ಲಿ ಹೆಚ್ಚಿನವರು ಬಡ ಮುಸ್ಲಿಂ ಕುಟುಂಬದವರು. ಅದನ್ನು ಧರ್ಮದ ಕಟ್ಟಪ್ಪಣೆ ಅಂತ ಮಾತ್ರ ಓದಿದವರು ಗೂಡಿನ ಬೆಲೆಯನ್ನೂ ಬಿಚ್ಚಣಿಕೆಯ ಕೂಲಿಯನ್ನೂ ಓದಲಿಲ್ಲ. ಎರಡೇ ವರ್ಷಕ್ಕೆ, 2011ರ ಬಜೆಟ್ಟಿನಲ್ಲಿ, ದಿಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ನೂರಕ್ಕೆ 30ರಿಂದ 5ಕ್ಕೆ ಇಳಿಸಿತು. ಗೂಡು ಬೆಳೆದವನ ಸಾಲದ ಕಂತು ಯಾರೂ ಇಳಿಸಲಿಲ್ಲ.

ರಿಸರ್ವ್ ಬ್ಯಾಂಕು ಆಮೇಲೆ ಈ ಕಂಪನಿಗಳ ಬಡ್ಡಿಗೆ ಕಟ್ಟು ಹಾಕಿತು. 2022ರ ಏಪ್ರಿಲ್‌ನಿಂದ ಅದನ್ನು ತೆಗೆದೂ ಹಾಕಿತು. ಕಂತು ಮನೆಯ ಆದಾಯದ ಅರ್ಧ ಮೀರಬಾರದು ಅಂತ ನಿಯಮ ಬರೆಯಿತು. ಅರ್ಧ! ಸೊಪ್ಪು ಕುಯ್ದು ಬದುಕುವ ಮನೆಯಲ್ಲಿ ಉಳಿದರ್ಧದಲ್ಲಿ ಏನೇನು ಬೇಯಬೇಕು? 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತಂದಿತು. ಕಿರುಕುಳ ಕೊಟ್ಟರೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ನೋಂದಣಿಯಿಲ್ಲದವರು ದುರ್ಬಲರಿಗೆ ಕೊಟ್ಟ ಸಾಲ ವಜಾ. ಒಳ್ಳೆಯದೇ. ಆದರೆ ನೋಂದಣಿ ಪತ್ರ ತೂಗುಹಾಕಿಕೊಂಡು ಬಾಗಿಲಿಗೆ ಬರುವವನು?

2022ರ ಮಾರ್ಚಿಗೆ ಮುಗಿದ ಐದು ವರ್ಷಗಳಲ್ಲಿ ಬ್ಯಾಂಕುಗಳು ಸುಮಾರು 10 ಲಕ್ಷ ಕೋಟಿ ರೂಪಾಯಿ ಸಾಲವನ್ನು ಲೆಕ್ಕದಿಂದ ತೆಗೆದವು ಅಂತ ಸಂಸತ್ತಿನಲ್ಲೇ ಉತ್ತರ ಬಂದಿದೆ. ಇದು ಮನ್ನಾ ಅಲ್ಲ, ವಸೂಲಿ ನಡೀತಾನೇ ಇರುತ್ತೆ ಅಂತ ವಿವರಣೆಯೂ ಬಂತು. ಇರಲಿ. ಆ ವಸೂಲಿಗೆ ಯಾರಾದರೂ ಉದ್ಯಮಿಯ ಮನೆ ಮುಂದೆ ಹೊತ್ತು ಮುಳುಗೋವರೆಗೂ ಕೂತಿದ್ದಾರೆಯೇ, ಅವನ ನೆರೆಯವರನ್ನು ಕರೆದು ನೀವು ಕಟ್ಟಿ ಅಂದಿದ್ದಾರೆಯೇ?