ಕಂಡವರ ಮಾತು, ಕಾಣದವರ ಚಿತ್ರ: ಆಳಗಡಲಿನ ಕಲೆಯಲ್ಲಿ ನಿರೂಪಣೆಯ ಪ್ರಶ್ನೆ

ಆಳಗಡಲಿನ ಶೋಧನೆಯ ದತ್ತಾಂಶವನ್ನು ಬೆಳಕು, ಧ್ವನಿಗಳಾಗಿಸಿ ನೋಡುಗನನ್ನು ಸುತ್ತಲಿಂದಲೂ ಆವರಿಸುವ ಕಲಾಕೃತಿಗಳ ಚರ್ಚೆಯಲ್ಲಿ ತಂತ್ರಜ್ಞಾನಕ್ಕೆ ಸಂದ ಗಮನ ನಿರೂಪಣೆಗೆ ಸಂದಿಲ್ಲ. ಕಂಡವರು ಯಾರು, ಹೇಳಿದವರು ಯಾರು, ಕೇಳಿ ದಾಖಲಿಸಿದವರು ಯಾರು ಎಂಬುದು ಮೌಖಿಕ ಪರಂಪರೆಯ ಅಧ್ಯಯನದ ಮೊದಲ ಪ್ರಶ್ನೆ. ಈ ಕಲೆಯನ್ನೂ ಅದೇ ಪ್ರಶ್ನೆಯಿಂದ ಪರಿಶೀಲಿಸಬೇಕಾಗಿದೆ.

1934ರ ಆಗಸ್ಟ್ 15ರಂದು ವಿಲಿಯಂ ಬೀಬ್ ಮತ್ತು ಓಟಿಸ್ ಬಾರ್ಟನ್ ಬರ್ಮುಡಾದ ಬಳಿ 'ಬ್ಯಾಥಿಸ್ಫಿಯರ್' ಎಂಬ ಉಕ್ಕಿನ ಗೋಳದಲ್ಲಿ 923 ಮೀಟರ್ ಆಳಕ್ಕಿಳಿದರು. ಇಂಥ ಇಳಿತಗಳಲ್ಲಿ ಕಿಟಕಿಯಿಂದ ಕಂಡುದನ್ನು ಬೀಬ್ ದೂರವಾಣಿಯಲ್ಲಿ ಹೇಳುತ್ತಿದ್ದರು; ಮೇಲೆ ಗ್ಲೋರಿಯಾ ಹಾಲಿಸ್ಟರ್ ಅದನ್ನು ಬರೆದುಕೊಳ್ಳುತ್ತಿದ್ದರು. ಆ ಗೋಳದಲ್ಲಿ ಇಳಿಯದ ಎಲ್ಸ್ ಬೋಸ್ಟಲ್‌ಮನ್, ಬೀಬ್ ಅವರ ವರ್ಣನೆಯನ್ನು ಆಧರಿಸಿ ಚಿತ್ರ ಬರೆದರು. ಹೇಳಿಕೆಯೊಂದು ಬಾಯಿಂದ ಕಿವಿಗೆ, ಕಿವಿಯಿಂದ ಕೈಗೆ ದಾಟಿದ ಬಗೆ ಇದು. ದಾಟುವಾಗ ಏನೂ ಬದಲಾಗಲಿಲ್ಲವೆಂದು ಭಾವಿಸುವುದು ಮುಗ್ಧತನ.

1932ರಲ್ಲಿ ಕಂಡ, ಮೈಯುದ್ದಕ್ಕೂ ಬೆಳಕಿನ ಸಾಲುಳ್ಳ ದೊಡ್ಡ ಮೀನೊಂದಕ್ಕೆ ಬೀಬ್ 'ಬ್ಯಾಥಿಸ್ಫೇರಾ ಇಂಟ್ಯಾಕ್ಟಾ' ಎಂದು ಹೆಸರಿಟ್ಟರು. ಅದರ ಒಂದು ಮಾದರಿಯೂ ಈವರೆಗೆ ದೊರೆತಿಲ್ಲ. ಉಳಿದಿರುವುದು ಮಾತು ಮತ್ತು ಚಿತ್ರ ಮಾತ್ರ. ಮತ್ಸ್ಯವಿಜ್ಞಾನಿ ಕಾರ್ಲ್ ಹಬ್ಸ್ 1935ರಲ್ಲಿ, ಬೀಬ್ ಅವರ ಉಸಿರಿನಿಂದ ಮಸುಕಾದ ಕಿಟಕಿಯ ಮೂಲಕ ಬೇರೆ ಜೀವಿಗಳ ಬೆಳಕು ಹಾಗೆ ತೋರಿರಬಹುದೆಂದು ಶಂಕಿಸಿದರು. ಶಂಕೆ ಕಟುವಾದದ್ದು, ತುಸು ಕುಚೋದ್ಯವೂ ಇದೆ. ಆದರೆ ನೋಡಿದವರು ಯಾರು, ಯಾವ ಗಾಜಿನಿಂದ ಎಂಬುದು ಬಹಿರಂಗವಾಗಿದ್ದುದರಿಂದಲೇ ಅಂಥ ಶಂಕೆಗೆ ಅವಕಾಶವಾಯಿತು.

ಇಂದಿನ ದತ್ತಾಂಶಕಲೆಯಲ್ಲಿ ಈ ಸರಪಳಿ ಕಣ್ಮರೆಯಾಗುವ ಅಪಾಯವಿದೆ. ಸೋನಾರ್ ಅಳೆಯುವುದು ಧ್ವನಿ ಮರಳುವ ಕಾಲವನ್ನು; ಅದಕ್ಕೆ ಬಣ್ಣವಿಲ್ಲ. ತಗ್ಗು ನೀರಿಗೆ ಕೆಂಪು, ಆಳಕ್ಕೆ ನೀಲಿ ಎಂಬುದು ನಕ್ಷೆಕಾರರ ರೂಢಿ. ನಕ್ಷೆಯಲ್ಲಿ ಅದಕ್ಕೊಂದು ಸೂಚಿ ಇರುತ್ತದೆ. ಗೋಡೆ, ನೆಲ, ಛಾವಣಿಗಳ ಮೇಲೆ ಅದೇ ಬಣ್ಣ ಹರಿದಾಗ ಸೂಚಿ ಬಿಟ್ಟುಹೋದರೆ, ರೂಢಿಯೇ ಸಮುದ್ರವೆನಿಸುತ್ತದೆ. ವಾಸ್ತವದಲ್ಲಿ ನೀರಿಗಿಳಿದಂತೆ ಮೊದಲು ಮಾಯವಾಗುವುದೇ ಕೆಂಪು.

2021ರ ಸೆಪ್ಟೆಂಬರಿನಲ್ಲಿ ಡೆನ್ಮಾರ್ಕಿನ ಸೂಪರ್‌ಫ್ಲೆಕ್ಸ್ ತಂಡ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದ ಮೇಲೆ 'ವರ್ಟಿಕಲ್ ಮೈಗ್ರೇಷನ್' ಎಂಬ ಕೃತಿಯನ್ನು ಬಿಂಬಿಸಿತು. ಗಣಕಯಂತ್ರದಲ್ಲಿ ರೂಪಿಸಿದ ಸೈಫನೊಫೋರ್ ಎಂಬ ಸಮೂಹಜೀವಿ ಅಲ್ಲಿ ಮೇಲೇರುತ್ತದೆ. ಇರುಳಾದಂತೆ ಅಸಂಖ್ಯ ಜೀವಿಗಳು ಆಳದಿಂದ ಮೇಲೇರುವ ನಿತ್ಯದ ವಲಸೆಯೇ ಅದರ ವಸ್ತು. ಇದು ಗೆದ್ದ ಕೃತಿ. ಏಕೆಂದರೆ ಕಟ್ಟಡ ಕಟ್ಟಡವಾಗಿಯೇ ಉಳಿದು, ತೋರುತ್ತಿರುವುದು ಬಿಂಬವೆಂಬ ಅರಿವನ್ನು ಅಳಿಸುವುದಿಲ್ಲ. ಮುಚ್ಚಿದ ಕತ್ತಲೆಯ ಕೋಣೆಯಲ್ಲಿ ನಿಂತವನಿಗೆ ಆ ಅರಿವನ್ನು ಕಲಾವಿದನೇ ಒದಗಿಸಬೇಕಾಗುತ್ತದೆ.